ಪೇಟೆ ನಡುವಿನ ಹೋಟೆಲ್ಲಿಗೆ ನಾವು ಮಾಡು ಹಾಕಿಸಿದ್ದು

ನಮ್ಮ ಕೇರಿಯವರು ಯಾರೂ ಹೋಟೆಲ್ ಬೇಡ ಅಂದವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಶಿರಸಿಯಲ್ಲಿ ನಾಲ್ಕು ಜನ ಸೇರಿ ಒಂದು ಕಟ್ಟಡದ ಬಗ್ಗೆ ಮಾತಾಡಿದರೆ ಸಾಕು, ‘ಅವರು ಸ್ಟೇ ತರಲಿಕ್ಕೆ ಹೊರಟಿದಾರೆ’ ಎಂಬ ಸುದ್ದಿ ಸಂಜೆಯೊಳಗೆ ಬಸ್ ಸ್ಟ್ಯಾಂಡ್ ಮುಟ್ಟಿರುತ್ತದೆ. ಬನವಾಸಿ, ಸಹಸ್ರಲಿಂಗ, ಯಾಣ ಅಂತ ಬರುವವರಿಗೆ ಉಳಿಯಲು ಒಳ್ಳೆಯ ಜಾಗ ಬೇಕೇ ಬೇಕು. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದಾಗಲಂತೂ ನೆಂಟರನ್ನು ಎಲ್ಲಿ ಮಲಗಿಸುವುದು ಎಂಬುದೇ ಪ್ರತಿ ಮನೆಯ ಚಿಂತೆ. ದೇವಿಕೆರೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, ಹತ್ತು ಗುಂಟೆ ಜಾಗದಲ್ಲಿ, ಕೆಳಗೆ ಊಟದ ಹೋಟೆಲ್ಲು, ಮೇಲೆ ಲಾಡ್ಜು ಬರುತ್ತದೆ ಅಂದಾಗ ನಮಗೆ ಖುಷಿಯೇ ಆಗಿತ್ತು. ಆ ಖುಷಿ ಇದ್ದದ್ದು ಎಲಿವೇಶನ್, ಅಂದರೆ ಕಟ್ಟಡದ ಮುಂಭಾಗದ ಚಿತ್ರ, ನೋಡುವ ತನಕ.

ನಾನು ಬಹಳ ವರ್ಷ ಇಂಜಿನಿಯರ್ ಒಬ್ಬರ ಆಫೀಸಿನಲ್ಲಿ ನಕ್ಷೆ ಬರೆದವಳು. ಮೊದಲು ಟ್ರೇಸಿಂಗ್ ಪೇಪರಿನ ಮೇಲೆ, ಆಮೇಲೆ ಆಟೋಕ್ಯಾಡ್‌ನಲ್ಲಿ. ಮನೆ ಆ ಜಾಗದ ಹಿಂದಿನ ಓಣಿಯಲ್ಲಿ, ಹಂಚಿನದು. ಜಾಗದ ಎದುರು ನಿಲ್ಲಿಸಿದ್ದ ಫ್ಲೆಕ್ಸಿನಲ್ಲಿ ಕಂಡದ್ದು ಇಷ್ಟು: ನೆಲದಿಂದ ತುದಿಯವರೆಗೆ ನೀಲಿ ಗಾಜು, ಗಾಜಿಲ್ಲದ ಕಡೆ ಎಸಿಪಿ (ಅಲ್ಯುಮಿನಿಯಂ ಹೊದಿಕೆಯ) ಶೀಟು, ಮೇಲೆ ಚಪ್ಪಟೆ ಟೆರೇಸು. ಚಜ್ಜಾ ಹೆಸರಿಗೂ ಇಲ್ಲ. ಗೋಡೆ ನೆಟ್ಟಗೆ ನೆಲಕ್ಕೆ ಇಳಿಯುತ್ತದೆ. ಮುಖ ಪಶ್ಚಿಮಕ್ಕೆ. ವರ್ಷಕ್ಕೆ 2,500 ಮಿ.ಮೀ. ಆಸುಪಾಸು ಮಳೆ ಬೀಳುವ, ಜೂನ್ ಹಿಡಿದು ನಾಲ್ಕು ತಿಂಗಳು ಗಾಳಿ ಮಳೆ ಎರಡೂ ಪಶ್ಚಿಮದಿಂದಲೇ ಹೊಡೆಯುವ ಊರಿಗೆ ಬರೆದ ನಕ್ಷೆ ಅದು ಎಂದು ನಂಬುವುದೇ ಕಷ್ಟವಾಯಿತು.

ನಿವೃತ್ತ ಮಾಸ್ತರೊಬ್ಬರ ಜಗಲಿಯಲ್ಲಿ ಕೂತು ಮಾತಾಡಿದೆವು. ಜವಳಿ ಅಂಗಡಿಯವರು, ಬೈಕ್ ಮೆಕ್ಯಾನಿಕ್, ಓಣಿಯ ಮೂರ್ನಾಲ್ಕು ಮನೆಯ ಹೆಂಗಸರು. ಎಲ್ಲರ ಬಾಯಲ್ಲೂ ಒಂದೇ ಮಾತು: ಚಂದ ಇಲ್ಲ. ಇಲ್ಲಿಯೇ ನಾನು ಅಡ್ಡ ಹಾಕಿದೆ. ಚಂದ ಇಲ್ಲ ಎಂದು ಅರ್ಜಿ ಕೊಟ್ಟರೆ ಅದನ್ನು ಯಾವ ಫೈಲಿಗೆ ಸೇರಿಸಬೇಕೆಂದು ಯಾವ ಕಚೇರಿಗೂ ತಿಳಿಯುವುದಿಲ್ಲ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಬರುವ ವಲಯ ನಿಯಮಗಳಾಗಲಿ, 1964ರ ಪೌರಸಭೆ ಕಾಯ್ದೆಯಡಿ ಕೊಡುವ ಕಟ್ಟಡ ಪರವಾನಗಿಯಾಗಲಿ ಕೇಳುವುದು ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡುವ ಖಾಲಿ ಜಾಗ) ಎಷ್ಟು, ಎತ್ತರ ಎಷ್ಟು, ಜಾಗಕ್ಕೆ ಎಷ್ಟು ಪಟ್ಟು ಕಟ್ಟಿದ್ದೀರಿ, ಕಾರು ಎಲ್ಲಿ ನಿಲ್ಲಿಸುತ್ತೀರಿ ಎಂಬುದನ್ನು. ಮುಖ ಹೇಗಿರಬೇಕು ಎಂದು ಕೇಳುವುದಿಲ್ಲ. ದೆಹಲಿಯಲ್ಲಿ 1973ರ ಕಾಯ್ದೆಯಿಂದ ಬಂದ ನಗರ ಕಲಾ ಆಯೋಗ ಇದೆ. ದೊಡ್ಡ ಕಟ್ಟಡಗಳ ರೂಪ ಹೇಗಿದೆ ಎಂದು ನೋಡುವುದೇ ಅದರ ಕೆಲಸ. ಪಣಜಿಯ ಫೊಂತೈನ್ಹಾಸ್ ಕೇರಿಗೆ ಸಂರಕ್ಷಿತ ವಲಯದ ರಕ್ಷಣೆ ಇದೆ. ನಮ್ಮ ಪೇಟೆಗೆ ಅಂಥದ್ದು ಯಾವುದೂ ಇಲ್ಲ. ಆದ್ದರಿಂದ ಕಾನೂನು ತೋರಿಸಿ ಹೆದರಿಸುವ ದಾರಿ ಮೊದಲೇ ಮುಚ್ಚಿತ್ತು. ನಿಯಮ ಮೀರದ ಕಟ್ಟಡವನ್ನು ನಿಲ್ಲಿಸಲು ನಮಗೆ ಹಕ್ಕಿರಲಿಲ್ಲ. ಮಾಲೀಕರನ್ನು ಒಪ್ಪಿಸುವುದೊಂದೇ ಉಳಿದದ್ದು.

ನಕ್ಷೆ ಸಿಗದೆ ಏನೂ ಮಾಡುವ ಹಾಗಿಲ್ಲ. ಮೆಕ್ಯಾನಿಕ್ ಹುಡುಗ ಮಾಹಿತಿ ಹಕ್ಕಿನ ಅರ್ಜಿ ಹಾಕೋಣ ಅಂದ. 2005ರ ಆ ಕಾಯ್ದೆಯಲ್ಲಿ ಹತ್ತು ರೂಪಾಯಿಗೆ ಕೆಲಸ ಆಗುತ್ತದೆ ನಿಜ. ಆದರೆ ಬೇರೆಯವರ ನಕ್ಷೆ ಕೇಳಿದರೆ 11ನೇ ಕಲಮಿನಂತೆ ಐದು ದಿನದೊಳಗೆ ಆ ಬೇರೆಯವರಿಗೇ ನೋಟಿಸ್ ಹೋಗಬಹುದು. ಆಕ್ಷೇಪ ಹೇಳಲು ಅವರಿಗೆ ಹತ್ತು ದಿನ. ಒಟ್ಟು ಉತ್ತರಕ್ಕೆ ನಲವತ್ತು ದಿನ. ಅಂದರೆ ನಮ್ಮ ಮುಖ ನೋಡುವ ಮೊದಲು ಮಾಲೀಕರು ನಮ್ಮ ಹೆಸರನ್ನು ಸರಕಾರಿ ಕಾಗದದಲ್ಲಿ ನೋಡಿರುತ್ತಾರೆ. ಆಮೇಲೆ ಚಾ ಕುಡಿಯುತ್ತ ಮಾತಾಡುವುದೆಲ್ಲಿಂದ ಬಂತು? ಹೀಗಾಗಿ ಅವರ ಮನೆಗೇ ಹೋದೆವು. ಸಹಿ ಸಂಗ್ರಹವನ್ನೂ ಮಾಡಲಿಲ್ಲ. ನೂರು ಸಹಿಯ ಕಾಗದ ಹಿಡಿದು ಹೋದರೆ ಎದುರಿನವರು ಓದುವುದು ಹೆಸರುಗಳನ್ನು, ವಿಷಯವನ್ನಲ್ಲ.

ಮಾಲೀಕರು ಅಡಿಕೆ ವ್ಯಾಪಾರದ ಮನೆತನದವರು, ನನಗಿಂತ ಹಿರಿಯರು. ಮೊದಲ ಮಾತೇ ಹೀಗೆ: “ನೋಡು ತಂಗೀ, ಜಾಗ ನಂದು, ಸಾಲ ನಂದು. ನಡುವೆ ನಿಂಗಳದ್ದೆಂತು?”

“ಮಳೆ ನಮ್ಮದು ಮಾರಾಯ್ರೆ,” ಅಂದೆ. “ನಿಮ್ಮ ಟೆರೇಸಿನ ನೀರು ನಮ್ಮ ಓಣಿಗೇ ಬರ್ತದೆ.”

ಅವರು ನಕ್ಕರು. ಒಳಗಿಂದ ನಕ್ಷೆಯ ಸುರುಳಿ ಬಂತು.

ನಾನು ಆಡಿದ್ದು ಬರಿಯ ಮಾತಲ್ಲ, ಲೆಕ್ಕ ಇತ್ತು. ಟೆರೇಸು 600 ಚದರ ಮೀಟರ್. ಒಂದು ದಿನದಲ್ಲಿ 100 ಮಿ.ಮೀ. ಮಳೆ ಹೊಡೆದರೆ, ಆಷಾಢದಲ್ಲಿ ಅದೇನು ದೊಡ್ಡ ಸುದ್ದಿಯಲ್ಲ, 60,000 ಲೀಟರ್ ನೀರು. ವರ್ಷಕ್ಕೆ 15 ಲಕ್ಷ ಲೀಟರ್. ನಕ್ಷೆಯಲ್ಲಿ ಇದಕ್ಕೆ ನಾಲ್ಕಿಂಚಿನ ಕೆಲವು ಪೈಪುಗಳಿದ್ದವು, ಎಲ್ಲವೂ ಹಿಂದಿನ ಗೋಡೆಯಲ್ಲಿ, ಅಂದರೆ ಓಣಿಯ ಕಡೆ. ಅದರ ಜೊತೆಗೆ ಇನ್ನೊಂದು ವಿಷಯ ತೆಗೆದೆ. ಶಿರಸಿಯಲ್ಲಿ ಚಪ್ಪಟೆ ಸ್ಲ್ಯಾಬ್ ಹಾಕಿದವರು ಯಾರು ಎರಡು ಮಳೆಗಾಲಕ್ಕಿಂತ ಹೆಚ್ಚು ತಡೆದುಕೊಂಡಿದ್ದಾರೆ? ಸೋರುತ್ತದೆ, ಇಲ್ಲವೇ ಸೋರುವ ಹೆದರಿಕೆ. ಕಬ್ಬಿಣದ ಕಂಬ ನಿಲ್ಲಿಸಿ ಮೇಲೆ ತಗಡಿನ ಶೀಟು ಹಾಕಿಸುತ್ತಾರೆ. ಪೇಟೆಯ ಯಾವ ಎತ್ತರದ ಜಾಗದಿಂದ ನೋಡಿದರೂ ಕಾಣುವುದು ಈ ನೀಲಿ, ಹಸಿರು ಶೀಟುಗಳೇ. ಹೇಗೂ ಮೇಲೆ ಇಳಿಜಾರು ಮಾಡು ಹಾಕಿಸುವವರಿದ್ದೀರಿ, ಅದನ್ನು ಈಗಲೇ ನಕ್ಷೆಯಲ್ಲಿ ಬರೆಸಿ, ಸೂರು ಮೂರು ಅಡಿ ಹೊರಗೆ ಬರಲಿ, ಗೋಡೆಗೆ ಪಾಚಿ ಹಿಡಿಯುವುದೂ ತಪ್ಪುತ್ತದೆ, ಎರಡೆರಡು ವರ್ಷಕ್ಕೆ ಬಣ್ಣ ಹೊಡೆಸುವ ಖರ್ಚೂ ಉಳಿಯುತ್ತದೆ ಅಂದೆ. ನಮ್ಮ ಹಳೆಯ ಮನೆಗಳಲ್ಲಿ ಮಳೆಗಾಲಕ್ಕೆ ಮುಂಚೆ ಪಶ್ಚಿಮದ ಗೋಡೆಗೆ ಸೋಗೆಯ ತಟ್ಟಿ ಕಟ್ಟುತ್ತಿದ್ದದ್ದು ಅವರಿಗೂ ನೆನಪಿತ್ತು. ಆ ಗೋಡೆಗೆ ಈಗ ಗಾಜು ಹಾಕಲು ಹೊರಟಿದ್ದರು.

ಅವರ ಇಂಜಿನಿಯರ್ ಹುಬ್ಬಳ್ಳಿಯವರು. ಅವರ ಆಕ್ಷೇಪ ಎತ್ತರದ್ದು. ನಕ್ಷೆಯಲ್ಲಿ ಕಟ್ಟಡ 14.9 ಮೀಟರ್ ಇತ್ತು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ 15 ಮೀಟರ್ ಮುಟ್ಟಿದರೆ ಬಹುಮಹಡಿ ಎಂಬ ಲೆಕ್ಕ, ಬೆಂಕಿ ಸುರಕ್ಷತೆಯ ಷರತ್ತುಗಳೆಲ್ಲ ಬಿಗಿಯಾಗುತ್ತವೆ. ಅದಕ್ಕೇ ಎಲ್ಲೆಲ್ಲೂ ಈ 14.9 ಕಾಣುವುದು. ಮಾಡು ಹಾಕಿದರೆ ಗೆರೆ ದಾಟುತ್ತದೆ ಎಂದು ಅವರ ವಾದ. ಈ ಪ್ರಶ್ನೆ ಬರುತ್ತದೆಂದು ಗೊತ್ತಿತ್ತು, ಓದಿಕೊಂಡೇ ಹೋಗಿದ್ದೆ. ಅದೇ ಸಂಹಿತೆಯ ವ್ಯಾಖ್ಯೆಯಲ್ಲಿ ಇಳಿಜಾರು ಮಾಡಿನ ಕಟ್ಟಡದ ಎತ್ತರವನ್ನು ಹೊರಗೋಡೆ ಮಾಡನ್ನು ಕೂಡುವ ಜಾಗದವರೆಗೆ ಅಳೆಯುತ್ತಾರೆ. ತ್ರಿಕೋನದ ಗೋಡೆ ರಸ್ತೆಗೆ ಮುಖ ಮಾಡಿದ್ದರೆ ಮಾತ್ರ ಸೂರು ಮತ್ತು ನೆತ್ತಿಯ ನಡುವಿನ ಮಟ್ಟದವರೆಗೆ. ಆದ್ದರಿಂದ ರಸ್ತೆಯ ಕಡೆ ಸೂರು ಬರುವ ಹಾಗೆ ಮಾಡನ್ನು ತಿರುಗಿಸಿ ಬರೆದ ಒಂದು ಸೆಕ್ಷನ್ (ಕಟ್ಟಡವನ್ನು ಸೀಳಿದಂತೆ ತೋರಿಸುವ ನಕ್ಷೆ) ಅವರ ಮುಂದಿಟ್ಟೆ. ಇಂಜಿನಿಯರ್ ಬಹಳ ಹೊತ್ತು ನೋಡಿದರು. “ಇದನ್ನು ಯಾರು ಬರೆದದ್ದು?” ಅಂತ ಕೇಳಿದರು. ಅಲ್ಲಿಂದ ಮುಂದೆ ಅವರು ನನ್ನ ಹತ್ತಿರ ನೇರವಾಗಿ ಮಾತಾಡಿದರು. ಪೇಟೆಯವರ ಗುಂಪಿನಲ್ಲಿ ಸ್ಕೇಲು ಹಿಡಿಯುವವರು ಒಬ್ಬರಾದರೂ ಇರಬೇಕು ಎನ್ನುವುದು ಇದಕ್ಕೇ.

ಎತ್ತರ ಎಷ್ಟೆಂದು ನಮ್ಮವರಿಗೇ ತಿಳಿದಿರಲಿಲ್ಲ. ಕಾಗದದ ಮೇಲೆ 15 ಮೀಟರ್ ಅಂದರೆ ಯಾರಿಗೂ ಏನೂ ಅನಿಸುವುದಿಲ್ಲ. ಮಾಸ್ತರರ ಮಗ ತೋಟದಿಂದ ಕಾರ್ಬನ್ ಫೈಬರ್ ದೋಟಿ (ಉದ್ದನೆಯ ಕೋಲು) ತಂದ. ಈಗೆಲ್ಲ ಮರ ಹತ್ತದೆ ನೆಲದ ಮೇಲೆ ನಿಂತೇ ಅಡಿಕೆ ಕೊನೆ ಕೊಯ್ಯುವುದು, ಔಷಧ ಹೊಡೆಯುವುದು ಅದರಲ್ಲೇ. ಮಾಲೀಕರ ಒಪ್ಪಿಗೆ ಕೇಳಿ, ತುದಿಗೆ ಕೆಂಪು ಬಟ್ಟೆ ಕಟ್ಟಿ, ಜಾಗದ ಮೂಲೆಯಲ್ಲಿ ನಿಂತು 49 ಅಡಿಗೆ ಎತ್ತಿದೆವು. ಕೇರಿಯೇ ಬಂದು ನೋಡಿತು. ಪಕ್ಕದ ಹಂಚಿನ ಮನೆಯ ನೆತ್ತಿಯಿಂದ ಬಟ್ಟೆ ಎಷ್ಟು ಮೇಲಿತ್ತೆಂದರೆ, ಅಂಗಳದಲ್ಲಿ ಅಡಿಕೆ ಒಣಗಿಸುವ ಮನೆಯಾಕೆ ಮೊದಲು ಕೇಳಿದ್ದು “ನಮ್ಮಲ್ಲಿ ಬಿಸಿಲು ಎಷ್ಟು ಹೊತ್ತಿಗೆ ಹೋಗ್ತದೆ?” ಎಂದು. ಸುಗ್ಗಿ ಕಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಮಧ್ಯಾಹ್ನದ ಮೇಲೆ ಅವರ ಅಂಗಳ ಪೂರ್ತಿ ನೆರಳು. ಮಾಲೀಕರೂ ಬಟ್ಟೆಯನ್ನೇ ನೋಡುತ್ತಿದ್ದರು. ಅಡಿಕೆ ಒಣಗದಿದ್ದರೆ ಏನಾಗುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೇಲಿನ ಮಹಡಿಯನ್ನು ಆ ಮೂಲೆಯಿಂದ ಹಿಂದಕ್ಕೆ ಸರಿಸುವ ಮಾತು ಅವರ ಕಡೆಯಿಂದಲೇ ಬಂತು. ಒಂದು ಮಹಡಿ ಪೂರ್ತಿ ಬಿಡಿ ಎಂದೂ ಕೇಳಿದೆವು. ಅದು ಆಗಲಿಲ್ಲ. ಬ್ಯಾಂಕಿನ ಕಂತು ಕೋಣೆಗಳ ಲೆಕ್ಕದ ಮೇಲೆ ನಿಂತಿತ್ತು.

ಎರಡನೇ ನಕ್ಷೆ ಬಂದಾಗ ನನಗೆ ನಗುವೂ ಬಂತು, ಸಿಟ್ಟೂ ಬಂತು. ಊರಿನವರು ‘ನಮ್ಮ ಕಡೆಯದು’ ಕೇಳುತ್ತಿದ್ದಾರೆ ಎಂದು ಯಾರೋ ಹೇಳಿರಬೇಕು. ಗಾಜು ಹಾಗೇ ಇತ್ತು, ಎಸಿಪಿ ಶೀಟಿನ ಮೇಲೆ ಕಾವಿ ಚಿತ್ರದ ಸ್ಟಿಕ್ಕರ್, ಬಾಗಿಲ ಮೇಲೆ ಫೈಬರ್‌ನ ಯಕ್ಷಗಾನದ ಕಿರೀಟ. ಮಾರಿಕಾಂಬಾ ದೇವಸ್ಥಾನದ ಪ್ರಾಂಗಣದ ಗೋಡೆಯಲ್ಲಿ ಕಾವಿ ಕಲೆಯನ್ನು ಇವತ್ತಿಗೂ ನೋಡಬಹುದು. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಕೊಟ್ಟು, ಹಸಿ ಇರುವಾಗಲೇ ಕೆರೆದು, ಒಳಗಿನ ಬಿಳಿ ಕಾಣಿಸುವ ಕೆಲಸ ಅದು. ಬಣ್ಣ ಗೋಡೆಯ ಒಳಗೇ ಇರುವುದರಿಂದ ಬಾಳುತ್ತದೆ. ಅದನ್ನು ವಿನೈಲಿನಲ್ಲಿ ಅಚ್ಚು ಹಾಕಿ ಅಂಟಿಸಿದರೆ ಎರಡು ಬೇಸಿಗೆಗೆ ಮೂಲೆ ಎದ್ದು ನಿಲ್ಲುತ್ತದೆ. ನಮ್ಮ ಕಡೆಯ ಕಟ್ಟಡ ಅಂದರೆ ಮೈಮೇಲೆ ಏನು ಅಂಟಿಸಿದೆ ಎಂಬುದಲ್ಲ, ಮಳೆ ಬಂದಾಗ ಅದರ ಬುಡದಲ್ಲಿ ನಿಲ್ಲಬಹುದೋ ಇಲ್ಲವೋ ಎಂಬುದು. ಹಾಗೆಂದು ನಾನು ಜೋರಾಗಿಯೇ ಹೇಳಿದೆ. ಮಾಸ್ತರರು ನನ್ನ ಮೊಣಕೈ ತಿವಿದರು.

ಎಸಿಪಿ ಬಗ್ಗೆ ಮಾತ್ರ ನಾವು ಹೆದರಿಸಿದ್ದು ಹೌದು. 2017ರಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರಿನಲ್ಲಿ 72 ಜನ ಸತ್ತರು. ಹೊರಮೈಗೆ ಹಾಕಿದ್ದ, ಒಳಗೆ ಪಾಲಿಎಥಿಲೀನ್ ತುಂಬಿದ ಇಂಥ ಶೀಟೇ ಬೆಂಕಿಯನ್ನು ಮೇಲಿನ ಮಹಡಿಗಳಿಗೆ ಒಯ್ದದ್ದು. ಮಾಲೀಕರ ಮಗ ಅಲ್ಲೇ ಫೋನಿನಲ್ಲಿ ಅದರ ಫೋಟೋ ಹುಡುಕಿ ತಂದೆಗೆ ತೋರಿಸಿದ. ಮರುದಿನವೇ ಶೀಟು ನಕ್ಷೆಯಿಂದ ಹೋಯಿತು. ಗಾಜು ಬಿಡಿಸಲು ಅಷ್ಟು ಸುಲಭವಾಗಲಿಲ್ಲ. ಪಶ್ಚಿಮದ ಗಾಜಿನ ಹಿಂದಿನ ಕೋಣೆಗಳಿಗೆ ಏಪ್ರಿಲ್ ಸಂಜೆ ಎಷ್ಟು ಟನ್ ಎಸಿ ಬೇಕೆಂದು ಇಂಜಿನಿಯರರೇ ಲೆಕ್ಕ ಹಾಕಿ ಕೊಟ್ಟ ಮೇಲೆ ಕಿಟಕಿಗಳು ಕಿಟಕಿಯ ಅಳತೆಗೆ ಬಂದವು, ಪ್ರತಿಯೊಂದಕ್ಕೂ ಚಜ್ಜಾ ಸಿಕ್ಕಿತು.

ಅತಿ ಹೆಚ್ಚು ಹಗ್ಗಜಗ್ಗಾಟ ಆದದ್ದು ಜಗಲಿಗೆ. ಪೇಟೆಯ ಹಳೆಯ ಅಂಗಡಿಗಳಿಗೆ ಮುಂದೊಂದು ಜಗಲಿ, ಅದರ ಮೇಲೆ ಇಳಿದ ಮಾಡು. ಕೊಡೆ ಇಲ್ಲದವನು ಒಂದರಿಂದ ಒಂದಕ್ಕೆ ಹಾರಿ ಪೇಟೆ ದಾಟಬಹುದಿತ್ತು. ಹೋಟೆಲ್ಲಿನ ಮುಂದೆಯೂ ಅದು ಬೇಕೆಂದು ನಮ್ಮ ಆಸೆ. ಆದರೆ ಸೆಟ್‌ಬ್ಯಾಕ್ ಜಾಗ ಆಕಾಶಕ್ಕೆ ತೆರೆದೇ ಇರಬೇಕು, ಅಲ್ಲಿ ಮುಚ್ಚಿಗೆ ಹಾಕಿದರೆ ನಿಯಮ ಮುರಿದ ಹಾಗೆ. ಉಳಿದ ದಾರಿ ಒಂದೇ: ಮೇಲಿನ ಮಹಡಿ ಇದ್ದಲ್ಲೇ ಇದ್ದು, ಕೆಳಗಿನ ಗೋಡೆ ಎಂಟು ಅಡಿ ಒಳಗೆ ಹೋಗಬೇಕು. ಊಟದ ಹಾಲ್‌ನಲ್ಲಿ ಒಂದು ಸಾಲು ಮೇಜು ಹೋಗುತ್ತದೆ. “ಅಷ್ಟು ಬಿಡ್ಲಿಕ್ಕೆ ಆಗ್ತಿಲ್ಲೆ,” ಎಂದರು ಮಾಲೀಕರು. ಜವಳಿ ಅಂಗಡಿಯವರು ವ್ಯಾಪಾರಿಯ ಭಾಷೆಯಲ್ಲೇ ಮಾತಾಡಿದರು: ಮಳೆಗೆ ಜಗಲಿ ಹತ್ತಿದವನು ಐದು ನಿಮಿಷ ನಿಂತರೆ ಚಾ ಕೇಳದೆ ಇಳಿಯುವುದಿಲ್ಲ, ಒಂದು ಚಾದ ಕೌಂಟರ್ ಅಲ್ಲೇ ಇಡಿ, ಮೇಜಿನ ಸಾಲಿಗಿಂತ ಅದೇ ಹೆಚ್ಚು ದುಡಿಯುತ್ತದೆ. ಇದು ನನಗೆ ಹೊಳೆದಿರಲಿಲ್ಲ. ನಾನು 1:100ರಲ್ಲಿ ರಟ್ಟಿನ ಮಾದರಿ ಮಾಡಿಕೊಟ್ಟೆ, ಅಕ್ಕಪಕ್ಕದ ಮನೆಗಳನ್ನೂ ಸೇರಿಸಿ. ಅದು ಅವರ ಮನೆಯ ಟಿವಿ ಪಕ್ಕ ಬಹಳ ದಿನ ಇತ್ತು. ಬಂದವರೆಲ್ಲ ಏನಿದು ಎಂದು ಕೇಳುವುದು, ಇವರು ವಿವರಿಸುವುದು. ಹೀಗೆ ವಿವರಿಸುತ್ತ ವಿವರಿಸುತ್ತ ಜಗಲಿ ಅವರದೇ ವಿಚಾರ ಆಗಿಬಿಟ್ಟಿತು. ನಾವ್ಯಾರೂ ತಕರಾರು ಮಾಡಲಿಲ್ಲ.

ಕಟ್ಟಡ ಈಗ ನಿಂತಿದೆ. ಚಿರೆಕಲ್ಲಿನ ಮುಖ ಬೇಕೆಂದು ನಾನು ಹಟ ಹಿಡಿದಿದ್ದೆ, ಕಲ್ಲು ತರುವ ಖರ್ಚು, ಕೆತ್ತಿ ಕೂರಿಸುವವರ ಕೂಲಿ ಎಲ್ಲ ಸೇರಿ ಅದು ಬಿದ್ದುಹೋಯಿತು. ಬರಿಯ ಗಿಲಾವು, ಬಿಳಿ ಬಣ್ಣ. ಮಾಡಿಗೆ ಹಂಚು ಹಾಕಿದ್ದಾರೆ, ಇಳಿಜಾರು 30 ಡಿಗ್ರಿ. ಅದಕ್ಕಿಂತ ಕಡಿಮೆಯಾದರೆ ಗಾಳಿ ಮಳೆಗೆ ನೀರು ಹಂಚಿನ ಸಂದಿಯಲ್ಲಿ ಹಿಂದಕ್ಕೆ ನುಗ್ಗುತ್ತದೆ. ಮಾಡಿನ ನೀರು ಜಾಗದೊಳಗೇ ತೊಟ್ಟಿಗೆ ಹೋಗಿ, ಹೆಚ್ಚಾದದ್ದು ಮುಂದಿನ ದೊಡ್ಡ ಗಟಾರಕ್ಕೆ ಬೀಳುತ್ತದೆ, ಓಣಿಗೆ ಬರುವುದಿಲ್ಲ. ಜನರೇಟರ್ ನಮ್ಮ ಮಗ್ಗುಲಿಂದ ಆಚೆ ಹೋಗಿದೆ. ಅಡಿಗೆಮನೆಯ ಹೊಗೆಯ ಪೈಪು ಮಾತ್ರ ನಮ್ಮ ಕಡೆಗೇ ಬಾಯಿ ತೆರೆದಿದೆ, ಅದರ ಜಗಳ ಮುಗಿದಿಲ್ಲ. ಯಕ್ಷಗಾನದ ಕಿರೀಟ ಇದೆ. ರಾತ್ರಿ ಬಣ್ಣ ಬದಲಿಸುತ್ತದೆ. ಮಾಲೀಕರ ಮನೆಯಾಕೆಗೆ ಅದು ಇಷ್ಟವಂತೆ, ಹಾಗಾಗಿ ಆ ಮಾತು ಅಲ್ಲಿಗೇ ಬಿಟ್ಟೆವು.

ಪ್ರತಿ ಮಾಲೀಕರ ಮನೆಗೂ ಹೀಗೆ ರಟ್ಟಿನ ಮಾದರಿ ಹೊತ್ತುಕೊಂಡು ಹೋಗಲು ಆಗುವುದಿಲ್ಲ. ಊರಿನ ಮಹಾಯೋಜನೆಯನ್ನು (ಮಾಸ್ಟರ್ ಪ್ಲಾನ್) ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು, ಕರಡು ಪ್ರಕಟವಾದ ಮೇಲೆ ಅಭಿಪ್ರಾಯ ಹೇಳಲು ಸಾರ್ವಜನಿಕರಿಗೆ ಅರವತ್ತು ದಿನ ಇರುತ್ತದೆ ಎಂದು 1961ರ ಕಾಯ್ದೆಯಲ್ಲೇ ಇದೆ. ಆ ಹೊತ್ತಿಗೆ ಕೊಡಲೆಂದು ಒಂದು ಪುಟದ ಅರ್ಜಿ ಬರೆದಿಟ್ಟುಕೊಂಡಿದ್ದೇವೆ: ಪೇಟೆಯ ಮುಖ್ಯ ರಸ್ತೆಗಳಲ್ಲಿ ಕೆಳಮಹಡಿಯ ಮುಂದೆ ಜಗಲಿ ಬಿಟ್ಟವರಿಗೆ ಅಷ್ಟು ಜಾಗವನ್ನು ಮೇಲೆ ಕಟ್ಟಲು ಕೊಡಿ ಎಂದು. ಜಗಲಿ ಎಂಟು ಅಡಿ ಇರಬೇಕು ಎಂದು ನಾನು. ಆರು ಸಾಕು, ಎಂಟು ಬಿಟ್ಟರೆ ಅಂಗಡಿ ಮುಚ್ಚಬೇಕಾಗುತ್ತದೆ ಎಂದು ಜವಳಿ ಅಂಗಡಿಯವರು. ಆ ಅಂಕಿಯ ಜಾಗ ಸದ್ಯಕ್ಕೆ ಖಾಲಿ ಬಿಟ್ಟಿದ್ದೇವೆ.