ಮರ್ಚಂಡೈಸಿಂಗ್ ರೂಲ್‌ಗಳ ಬದಲಾವಣೆಯ ಮೇಲೆ ಕಣ್ಣಿಡುವುದು: ನನ್ನ ಅನುಭವ

ಪಿನ್ (ಒಂದೇ ಜಾಗದಲ್ಲಿ ಕೂರಿಸುವುದು), ಬೂಸ್ಟ್ (ಮೇಲೇರಿಸುವುದು), ಬರಿ (bury, ಕೆಳಗಿಳಿಸುವುದು), ಹೈಡ್ (ಮರೆಮಾಡುವುದು): ಆನ್‌ಲೈನ್ ಅಂಗಡಿಯಲ್ಲಿ ಯಾವ ಪ್ರಾಡಕ್ಟ್ ಮೇಲೆ ಬರಬೇಕು, ಯಾವುದು ಕೆಳಗಿಳಿಯಬೇಕು ಎಂಬುದೆಲ್ಲ ಈ ರೂಲ್‌ಗಳ ಕೈಯಲ್ಲಿದೆ. ಯಾರು, ಯಾವಾಗ ಸೇವ್ ಮಾಡಿದರು ಎಂದು ಆಡಿಟ್ ಲಾಗ್ ಹೇಳುತ್ತದೆ. ಮೊದಲು ಏನಿತ್ತು ಎಂಬುದು ಎಷ್ಟೋ ಪ್ಲಾಟ್‌ಫಾರ್ಮ್‌ಗಳಲ್ಲಿ ಸಿಗುವುದಿಲ್ಲ. ಹಾಗಾಗಿ ಗಂಟೆಗೊಮ್ಮೆ ಎಲ್ಲ ರೂಲ್‌ಗಳನ್ನೂ ಎಪಿಐ (ಪ್ರೋಗ್ರಾಂಗಳು ಪ್ಲಾಟ್‌ಫಾರ್ಮ್‌ನಿಂದ ಡೇಟಾ ಪಡೆಯುವ ದಾರಿ) ಮೂಲಕ ಇಳಿಸಿ, ಫೈಲುಗಳ ಹಳೆಯ ಪ್ರತಿಗಳನ್ನೆಲ್ಲ ಇಟ್ಟುಕೊಳ್ಳುವ ಗಿಟ್‌ಗೆ ಕಮಿಟ್ ಮಾಡುವ (ದಾಖಲಿಸುವ) ಸ್ಕ್ರಿಪ್ಟ್ ಇಟ್ಟುಕೊಂಡಿದ್ದೇನೆ.

ರೂಲ್‌ಗೊಂದು ಜೇಸನ್ (ಕೀ-ಮೌಲ್ಯ ಜೋಡಿಗಳ ಪಠ್ಯ ರೂಪ) ಫೈಲ್, ರೂಲ್ ಐಡಿಯೇ ಫೈಲಿನ ಹೆಸರು. ಎಲ್ಲವನ್ನೂ ಒಂದೇ ಫೈಲಿಗೆ ತುಂಬಿದರೆ, ಎಪಿಐ ಕೊಡುವ ಕ್ರಮ ಬದಲಾದಾಗಲೆಲ್ಲ ಡಿಫ್ (ಎರಡು ಪ್ರತಿಗಳ ವ್ಯತ್ಯಾಸದ ಪಟ್ಟಿ) ತುಂಬ ಸುಳ್ಳು ಬದಲಾವಣೆಗಳು. ಕಮಿಟ್‌ಗೆ ಮುಂಚೆ ಕೀಗಳನ್ನು ಅಕ್ಷರಾನುಕ್ರಮಕ್ಕೆ ತರಬೇಕು. ಅದಕ್ಕೆ ಜೇಸನ್ ಫೈಲ್ ಸಂಸ್ಕರಿಸುವ ಜೆಕ್ಯೂ (jq) ಟೂಲ್‌ನಲ್ಲಿ ದೊಡ್ಡ ಎಸ್ (-S) ಆಯ್ಕೆ ಸಾಕು. ತಾನಾಗಿ ಬದಲಾಗುವ ಅಪ್‌ಡೇಟ್ ಸಮಯ, ಕ್ಲಿಕ್ ಲೆಕ್ಕ ಮುಂತಾದವನ್ನು ಕಿತ್ತುಹಾಕಬೇಕು. ಪಿನ್ ಪಟ್ಟಿಯನ್ನು ಮಾತ್ರ ಸಾರ್ಟ್ ಮಾಡಬಾರದು, ಅಲ್ಲಿ ಕ್ರಮವೇ ವಿಷಯ. ಎಪಿಐ ಪುಟಪುಟವಾಗಿ ಕೊಡುತ್ತದೆ. ಮಧ್ಯೆ ಒಂದು ಪುಟ ಕೈಕೊಟ್ಟರೆ ನೂರಾರು ರೂಲ್ ಡಿಲೀಟ್ ಆದಂತೆ ಕಾಣುತ್ತದೆ. ಇಳಿದ ಫೈಲುಗಳ ಸಂಖ್ಯೆ ಎಪಿಐ ಹೇಳುವ ಒಟ್ಟು ಸಂಖ್ಯೆಗೆ ಹೊಂದದಿದ್ದರೆ ನನ್ನ ಸ್ಕ್ರಿಪ್ಟ್ ಕಮಿಟ್ ಮಾಡುವುದೇ ಇಲ್ಲ.

ಇಷ್ಟು ಸುಲಭದ ಭಾಗ. ರೂಲ್ ಇದ್ದಂತೆಯೇ ಇದ್ದು ಪೇಜ್ ಬದಲಾಗುವುದು ನಿಜವಾದ ತಲೆನೋವು. ಪಿನ್ ಮಾಡಿದ ಪ್ರಾಡಕ್ಟ್‌ನ ಸ್ಟಾಕ್ ಮುಗಿದಿರಬಹುದು. ಹೆಚ್ಚಿನ ಆದ್ಯತೆಯ ಇನ್ನೊಂದು ರೂಲ್ ಬಂದು ಕೂತಿರಬಹುದು. ಕ್ಯಾಟಲಾಗ್‌ನವರು ಬ್ರ್ಯಾಂಡ್ ಹೆಸರಿನಲ್ಲಿ ಒಂದು ಸ್ಪೇಸ್ ತಿದ್ದಿದರೂ ಸಾಕು, ಹಳೆಯ ಮೌಲ್ಯವನ್ನು ಹುಡುಕುವ ರೂಲ್ ಎರರ್ ಕೂಡ ಕೊಡದೆ ನಿಂತುಹೋಗುತ್ತದೆ. ಇನ್ನು ಶೆಡ್ಯೂಲ್: ಪ್ಯಾನೆಲ್ ಸ್ಥಳೀಯ ಸಮಯ ತೋರಿಸುತ್ತದೆ, ಎಪಿಐ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣಿತ ಸಮಯ) ಕೊಡುತ್ತದೆ. ಇವೆರಡನ್ನು ಬೆರೆಸಿದರೆ ಸೇಲ್ ಕೆಲವು ಗಂಟೆ ಮೊದಲೇ ಶುರುವಾಗುತ್ತದೆ, ಇಲ್ಲವೇ ತಡವಾಗಿ.

ಅದಕ್ಕೇ ಮುಖ್ಯ ಹುಡುಕಾಟಗಳು ಮತ್ತು ಕೆಟಗರಿಗಳಿಗೆ ಮೊದಲ 20 ಪ್ರಾಡಕ್ಟ್ ಐಡಿಗಳನ್ನೂ ಪ್ರತಿ ಸಲ ದಾಖಲಿಸುತ್ತೇನೆ. ಲಾಗಿನ್ ಇಲ್ಲದ ಹೊಸ ಸೆಷನ್, ಪರ್ಸನಲೈಸೇಷನ್ ಆಫ್, ಎ/ಬಿ ಟೆಸ್ಟ್‌ನಿಂದ (ಬೇರೆ ಬೇರೆ ಬಳಕೆದಾರರಿಗೆ ಬೇರೆ ಆವೃತ್ತಿ ತೋರಿಸುವ ಪ್ರಯೋಗ) ಹೊರಗೆ, ಕ್ಯಾಶ್ (cache, ಉಳಿಸಿಟ್ಟ ಹಳೆಯ ಪ್ರತಿ) ತಪ್ಪಿಸಿ. ಇದರಲ್ಲಿ ಒಂದು ಬಿಟ್ಟರೂ ಹೋಲಿಕೆಗೆ ಅರ್ಥವಿಲ್ಲ. ಸಣ್ಣ ಏರಿಳಿತಕ್ಕೆಲ್ಲ ಅಲರ್ಟ್ ಇಟ್ಟರೆ ವಾರದೊಳಗೆ ಟೀಮಿನವರು ಮ್ಯೂಟ್ ಮಾಡುತ್ತಾರೆ. ಪಿನ್ ತನ್ನ ಜಾಗದಲ್ಲಿ ಇಲ್ಲದಿದ್ದರೆ, ಅಥವಾ ಮೊದಲ ಹತ್ತರಲ್ಲಿ ನಾಲ್ಕಕ್ಕಿಂತ ಹೆಚ್ಚು ಹೊಸಬರಿದ್ದರೆ ಮಾತ್ರ ಅಲರ್ಟ್.

ಏಕೆ ಬದಲಾಯಿತು ಎಂಬುದನ್ನು ಯಾವ ಸ್ಕ್ರಿಪ್ಟೂ ಹಿಡಿಯಲಾರದು. ರೂಲ್‌ನ ವಿವರಣೆಯಲ್ಲಿ ಟಿಕೆಟ್ ಸಂಖ್ಯೆ, ಹೊಣೆಗಾರರ ಹೆಸರು, ಮುಗಿಯುವ ದಿನಾಂಕ ಇಲ್ಲದಿದ್ದರೆ ದಿನದ ವರದಿಯಲ್ಲಿ ಅದು ಮೇಲೆಯೇ ಬರುವಂತೆ ಮಾಡಿದ್ದೇನೆ. ಮುಗಿಯುವ ದಿನಾಂಕವಿಲ್ಲದ ಬೂಸ್ಟ್ ನನ್ನ ಮಟ್ಟಿಗೆ ಎಲ್ಲಕ್ಕಿಂತ ಅಪಾಯಕಾರಿ.

ಹಳೆಯ ಸ್ಥಿತಿಗೆ ಮರಳುವಾಗ, ಕೆಟ್ಟುಹೋದ ರೂಲ್ ಒಂದನ್ನು ಮಾತ್ರ ಅದೇ ಐಡಿಯಲ್ಲಿ ಹಳೆಯ ಪ್ರತಿಯಿಂದ ಮತ್ತೆ ಬರೆಯಬೇಕು. ಬಲ್ಕ್ ಅಪ್‌ಲೋಡ್‌ನಲ್ಲಿ ‘ಇರುವುದನ್ನೆಲ್ಲ ಅಳಿಸು’ ಆಯ್ಕೆ ಆನ್ ಇದ್ದರೆ ಉಳಿದವರ ಕೆಲಸವೂ ಹೋಗುತ್ತದೆ. ಹಳೆಯ ಪ್ರತಿಯಲ್ಲಿನ ಪ್ರಾಡಕ್ಟ್ ಐಡಿಗಳು ಈಗಲೂ ಇವೆಯೇ, ಮುಗಿಯುವ ಸಮಯ ಈಗಾಗಲೇ ದಾಟಿದೆಯೇ ಎಂದು ನೋಡಿ ಸೇವ್ ಮಾಡಿ. ಸಮಯ ದಾಟಿದ್ದರೆ ರೂಲ್ ವಾಪಸ್ ಬಂದರೂ ಕೆಲಸ ಮಾಡುವುದಿಲ್ಲ.