ಮಳೆಗಾಲದ ಸೈಕಲ್ ಸವಾರಿಗೆ ಒಂದು ಮೊಬೈಲ್ ಮಣೆ

ಕಳೆದ ಜುಲೈನಲ್ಲಿ ತೀರ್ಥಹಳ್ಳಿಯಿಂದ ಆಗುಂಬೆಗೆ ಸೈಕಲ್ ತುಳಿದಾಗ ಮೊಬೈಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ರೇನ್‌ಕೋಟಿನ ಒಳಜೇಬಿಗೆ ಹಾಕಿಕೊಂಡಿದ್ದೆ. ಮಳೆ ನೀರು ಒಂದು ಹನಿಯೂ ತಾಗಲಿಲ್ಲ. ಮೊಬೈಲ್ ಒದ್ದೆಯಾಗಿದ್ದು ನನ್ನದೇ ಬೆವರಿಗೆ! ಊರಿಗೆ ಬಂದವನೇ ಸೈಕಲ್ ಹ್ಯಾಂಡಲ್ಲಿನ ಮೇಲೆ ಮೊಬೈಲ್ ಕೂರಿಸುವ ಈ ಸ್ಟ್ಯಾಂಡ್ ಮಾಡಿದೆ.

ಬೇಕಾಗುವುದು ಇಷ್ಟೇ: ತರಕಾರಿ ಹೆಚ್ಚುವ ಹಳೇ ಪ್ಲಾಸ್ಟಿಕ್ ಮಣೆ, ಪಂಕ್ಚರ್ ಅಂಗಡಿಯವರು ಬಿಸಾಡುವ ಟ್ಯೂಬ್, ನಾಲ್ಕು ಕಪ್ಪು ಜಿಪ್ ಟೈ (ಬಾಲವನ್ನು ತಲೆಯೊಳಗೆ ತೂರಿಸಿ ಎಳೆದರೆ ಬಿಗಿಯಾಗುವ ಪ್ಲಾಸ್ಟಿಕ್ ಪಟ್ಟಿ), ಗಟ್ಟಿ ದಾರ, ಒಂದು ಜಿಪ್‌ಲಾಕ್ ಕವರ್, ತುಸು ಟೇಪ್. ಟೈ ಕಪ್ಪಗಿರಲಿ. ಬಿಳಿಯದು ಬಿಸಿಲಿಗೆ ಬೇಗ ಪೆಡಸಾಗಿ ಮುರಿಯುತ್ತದೆ.

ಮೊದಲು ಮಣೆಯನ್ನು ಮೊಬೈಲಿಗಿಂತ ಸುತ್ತಲೂ ಅರ್ಧ ಸೆಂ.ಮೀ. ಚಿಕ್ಕದಾಗಿ ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ದು ಅಂಚು ಉಜ್ಜಿ. ನಾಲ್ಕು ಮೂಲೆಗೂ ಒಂದೊಂದು ತೂತು ಹೊಡೆಯಿರಿ. ಆಮೇಲೆ ಮಣೆಯನ್ನು ಸೈಕಲ್ ಮೇಲೆ ಇಟ್ಟು ನೋಡಿ, ಸ್ಟೆಮ್‌ನ (ಹ್ಯಾಂಡಲ್ಲನ್ನು ಹಿಡಿದಿರುವ ಅಡ್ಡ ಕತ್ತು) ಎರಡೂ ಬದಿಗೆ ಎರಡು ಜೊತೆ, ಹ್ಯಾಂಡಲ್ಲಿನ ಹಿಂದೆ ಮುಂದೆ ಎರಡು ಜೊತೆ ತೂತು ಗುರುತು ಮಾಡಿ. ಒಟ್ಟು ಎಂಟು, ಒಂದು ಜೊತೆಗೆ ಒಂದು ಟೈ. ಜಾಸ್ತಿ ಅನ್ನಿಸಬಹುದು, ಆದರೆ ನಾನು ಮೊದಲ ಸಲ ಬರೀ ಹ್ಯಾಂಡಲ್ಲಿಗೆ ಕಟ್ಟಿದ್ದೆ, ಪ್ರತಿ ಗುಂಡಿಗೂ ಮಣೆ ಮುಂದಕ್ಕೆ ತಲೆ ಬಾಗಿಸುತ್ತಿತ್ತು. ಹಳೇ ಕರಿ ಸೈಕಲ್ಲಿಗೆ ಇಂಥ ಸ್ಟೆಮ್ ಇರುವುದಿಲ್ಲ, ಅಲ್ಲಿ ಹ್ಯಾಂಡಲ್ಲೇ ಗತಿ.

ಟೈ ಬಿಗಿಯುವ ಮೊದಲು ಸ್ಟೆಮ್ಮಿಗೂ ಹ್ಯಾಂಡಲ್ಲಿಗೂ ಎರಡು ಸುತ್ತು ಟ್ಯೂಬ್ ಸುತ್ತಿ. ಈಚಿನ ಗೇರ್ ಸೈಕಲ್ಲುಗಳ ಹ್ಯಾಂಡಲ್ ನಡುವೆ ಹೆಚ್ಚಾಗಿ 31.8 ಮಿ.ಮೀ. ದಪ್ಪ, ಹಳೆಯವು ಸಣ್ಣ. ಟ್ಯೂಬ್ ಸುತ್ತಿದರೆ ಆ ವ್ಯತ್ಯಾಸವೂ ತುಂಬುತ್ತದೆ, ಜಾರುವುದೂ ಇಲ್ಲ. ಟೈ ತಲೆ ಕೆಳಗೆ ಬರಲಿ. ಮೇಲುಗಡೆ ಒಂದು ತುಂಡು ಟ್ಯೂಬ್ ಅಂಟಿಸಿದರೆ ಮೊಬೈಲಿಗೆ ಮೆತ್ತೆ.

ಇನ್ನು ಹಿಡಿತ. ಟ್ಯೂಬನ್ನು ಬೆಂಡೆಕಾಯಿ ಹೆಚ್ಚಿದ ಹಾಗೆ ಒಂದು ಸೆಂ.ಮೀ. ಅಗಲಕ್ಕೆ ಅಡ್ಡಡ್ಡ ಕತ್ತರಿಸಿ. ಸಿಗುವುದೇ ರಬ್ಬರ್ ಬಳೆ! ಪ್ರತಿ ಮೂಲೆಯ ತೂತಿನಲ್ಲಿ ಒಂದು ಬಳೆ ತೂರಿಸಿ, ಹಿಂದೆ ಬರುವ ಕುಣಿಕೆಗೆ ಟೈ ಬಾಲದ ತುಂಡು ಸಿಕ್ಕಿಸಿ, ಮುಂದಿನ ಕುಣಿಕೆಯನ್ನು ಎಳೆದು ಮೊಬೈಲಿನ ಮೂಲೆಗೆ ಹಾಕಿ. ಪರದೆ ಖಾಲಿ, ಪಕ್ಕದ ಗುಂಡಿಗಳ ಮೇಲೂ ಒತ್ತಡ ಇಲ್ಲ.

ಮಳೆಗೆ ಜಿಪ್‌ಲಾಕ್ ಕವರ್ ಸಾಕು, ಆದರೆ ಬಾಯಿ ಕೆಳಗೆ, ನಿಮ್ಮ ಕಡೆಗೆ ಇರಬೇಕು. ನಾನು ಮೇಲೆ ಇಟ್ಟು ಕಲಿತವನು. ಜಿಪ್ ಸಂದಿಯಲ್ಲಿ ನಿಂತ ನೀರು ಮೆಲ್ಲಗೆ ಒಳಗಿಳಿಯುತ್ತದೆ. ಮಿಕ್ಕ ಕವರನ್ನು ಹಿಂದಕ್ಕೆ ಮಡಿಸಿ, ಪರದೆಯ ಮೇಲೆ ಬಿಗಿಯಾಗಿ ಕೂರಿಸಿ. ನಡುವೆ ಗಾಳಿ ಇದ್ದರೆ ಟಚ್ ಕೆಲಸ ಮಾಡುವುದಿಲ್ಲ. ಹೊರಡುವ ಮುಂಚೆ ಮೊಬೈಲ್ ಬದಲು ಅದೇ ಅಳತೆಯ ರಟ್ಟನ್ನು ಟಿಶ್ಯೂ ಪೇಪರಿನಲ್ಲಿ ಸುತ್ತಿ ಕವರಿಗೆ ಹಾಕಿ, ಮಣೆಗೆ ಸಿಕ್ಕಿಸಿ, ಹತ್ತು ನಿಮಿಷ ಚೊಂಬಿನಲ್ಲಿ ನೀರು ಸುರಿಯಿರಿ. ಟಿಶ್ಯೂ ಗರಿಗರಿಯಾಗೇ ಇದ್ದರೆ ಪಾಸ್.

ಮಳೆಹನಿ ಬಿದ್ದರೆ ಪರದೆ ಅದನ್ನೇ ಬೆರಳು ಅಂದುಕೊಂಡು ಏನೇನೋ ಒತ್ತಿಬಿಡುತ್ತದೆ. ಅದಕ್ಕೇ ದಾರಿಯನ್ನು ಮೊದಲೇ ಹಾಕಿ, ಪರದೆ ಆರಿಸಿ, ದನಿಯಲ್ಲಿ ದಾರಿ ಕೇಳಿ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಇಳಿಯುವಾಗ ಕಣ್ಣು ರಸ್ತೆ ಮೇಲೇ ಇರಬೇಕು ಅಲ್ವಾ? ಕಾಡಿನಲ್ಲಿ ಸಿಗ್ನಲ್ ನಂಬಬೇಡಿ, ಮ್ಯಾಪ್ ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ.

ದಾರ ಮರೆಯಬೇಡಿ. ಮೊಬೈಲಿನ ಬ್ಯಾಕ್ ಕವರಿನ ಕ್ಯಾಮೆರಾ ತೂತಿನಿಂದ ಸ್ಟೆಮ್ಮಿಗೆ ಕಟ್ಟಿದರೆ ಬಳೆ ಹರಿದರೂ ಮೊಬೈಲ್ ರಸ್ತೆಗೆ ಬೀಳುವುದಿಲ್ಲ. ದಾರ ಗಿಡ್ಡ ಇರಲಿ, ಚಕ್ರಕ್ಕೆ ಸಿಗಬಾರದು. ದಾರವೂ ಕವರಿನ ಬಾಯಿಂದಲೇ ಹೊರಬರಬೇಕು, ಆ ಒಂದು ಮೂಲೆಗೆ ಟೇಪ್ ಹಚ್ಚಿ.

ಬಿಸಿಲಿದ್ದಾಗ ಜಿಪ್‌ಲಾಕ್ ತೆಗೆದುಬಿಡಿ, ಇಲ್ಲದಿದ್ದರೆ ಒಳಗೆ ಮೊಬೈಲ್ ಬೇಯುತ್ತದೆ. ಮನೆ ಮುಟ್ಟಿದ ಕೂಡಲೇ ಚಾರ್ಜರ್ ಚುಚ್ಚಬೇಡಿ. ಕವರಿನೊಳಗೆ ಆವಿ ಕಟ್ಟಿರುತ್ತದೆ, ಒರೆಸಿ, ಫ್ಯಾನ್ ಕೆಳಗೆ ಇಟ್ಟು ಕಾಫಿ ಕುಡಿದು ಬನ್ನಿ.