ಒದ್ದೆ ಗೋಣಿತಾಟು ಮತ್ತು ಬ್ಲೂಟೂತ್

ಶಿಡ್ಲಘಟ್ಟದ ಹತ್ತಿರ ನಮ್ಮೂರು. ರೇಷ್ಮೆಯೇ ನಮಗೆ ಅನ್ನ. ಹುಳು ಮನೆ ಇರುವುದು ವಾಸದ ಮನೆಯಿಂದ 70 ಅಡಿ ದೂರದಲ್ಲಿ. ನಾಲ್ಕನೇ ಜ್ವರ (ಹುಳು ಪೊರೆ ಬಿಡುವುದಕ್ಕೆ ನಾವು ಹೇಳುವುದೇ ಹೀಗೆ) ಎದ್ದ ಮೇಲೆ ಹುಳುವಿಗೆ 24ರಿಂದ 26 ಡಿಗ್ರಿ ಶಾಖ, ಶೇ. 70ರ ಆಸುಪಾಸು ತೇವ ಬೇಕು. ಏಪ್ರಿಲ್ ಬಿಸಿಲಲ್ಲಿ ಅದನ್ನು ಕಾಪಾಡುವುದು ಎಷ್ಟು ಕಷ್ಟ ಅಂತ ಹುಳು ಸಾಕಿದವರಿಗೇ ಗೊತ್ತು. ರಾತ್ರಿ ಎರಡು ಮೂರು ಸಲ ಎದ್ದು ಹೋಗಿ ಮೀಟರ್ ನೋಡಿ ಬರಬೇಕಿತ್ತು. ಅದಕ್ಕೇ ಬ್ಲೂಟೂತ್ ಇರುವ ಒಂದು ಪುಟ್ಟ ಸೆನ್ಸರ್ ತಂದೆ.

ಹುಳು ಮನೆ ಖಾಲಿ ಇದ್ದಾಗ ಜಗಲಿಯಲ್ಲಿ ಕೂತೇ ಫೋನಿನಲ್ಲಿ ಎಲ್ಲಾ ಕಾಣುತ್ತಿತ್ತು. ಹುಳು ಬಂದು, ಸರಿಯಾಗಿ ಬೇಕಾದ ವಾರದಲ್ಲೇ, ಸಿಗ್ನಲ್ ಮಾಯ. ಸೆಲ್ ಬದಲಾಯಿಸಿದೆ. ಫೋನ್ ಆಫ್ ಮಾಡಿ ಆನ್ ಮಾಡಿದೆ. ಬೆಳಗಿನ ಜಾವ ಬರುತ್ತಿತ್ತು, ಹನ್ನೊಂದರ ಮೇಲೆ ಹೋಗುತ್ತಿತ್ತು. ಅಮ್ಮ ಕಿಟಕಿಗಳಿಗೆ ಕಟ್ಟಿದ ಗೋಣಿತಾಟಿಗೆ ನೀರು ಹೊಡೆಯುವುದು ಹತ್ತೂವರೆಗೆ. ಎರಡನ್ನೂ ಸೇರಿಸಿ ನೋಡಲು ನನಗೆ ನಾಲ್ಕು ದಿನ ಹಿಡಿಯಿತು.

ಬ್ಲೂಟೂತ್ ಓಡುವುದು 2.4 ಗಿಗಾಹರ್ಟ್ಸ್‌ನಲ್ಲಿ. ವೈಫೈ, ಮೈಕ್ರೋವೇವ್ ಒಲೆ ಕೂಡ ಅದೇ ಬೀದಿಯವು. ಈ ಅಲೆಗಳನ್ನು ನೀರು ಚೆನ್ನಾಗಿ ಹೀರಿಕೊಳ್ಳುತ್ತದೆ. ಫೋನನ್ನು ಪ್ಯಾಂಟಿನ ಹಿಂದಿನ ಜೇಬಿಗೆ ಹಾಕಿಕೊಂಡರೆ ಇಯರ್‌ಬಡ್‌ನಲ್ಲಿ ಹಾಡು ತುಂಡು ತುಂಡಾಗುತ್ತದೆ ಅಲ್ವಾ, ಅದೂ ಇದಕ್ಕೇ: ನಡುವೆ ನಮ್ಮ ಮೈ ಇದೆ, ಮೈಯಲ್ಲಿ ನೀರೇ ಜಾಸ್ತಿ. ನಮ್ಮ ಹುಳು ಮನೆಯಲ್ಲಂತೂ ಒದ್ದೆ ಗೋಣಿ, ತಟ್ಟೆ ತುಂಬಾ ಹಸಿ ಹಿಪ್ಪುನೇರಳೆ ಸೊಪ್ಪು, ಅದರ ಮೇಲೆ ಸಾವಿರಾರು ಹುಳು.

ಸುಮ್ನೆ ಊಹೆ ಮಾಡುವುದು ಬೇಡ ಅಂತ ಸಿಗ್ನಲ್ ಬಲ ತೋರಿಸುವ ಒಂದು ಆಪ್ ಹಾಕಿಕೊಂಡು ಜಗಲಿಯಲ್ಲಿ ಕೂತೆ. ಗೋಣಿ ಒಣಗಿದ್ದಾಗ ಮೈನಸ್ 80 ಡಿಬಿಎಂ (ಸಿಗ್ನಲ್ ಬಲದ ಅಳತೆ, ಸೊನ್ನೆಯಿಂದ ಕೆಳಗೆ ಹೋದಷ್ಟೂ ಬಲ ಕಡಿಮೆ). ನೀರು ಹೊಡೆದ ಐದು ನಿಮಿಷಕ್ಕೆ ಮೈನಸ್ 94. ಈ ಲೆಕ್ಕದಲ್ಲಿ 10 ಇಳಿದರೆ ಬಲ ಹತ್ತರಲ್ಲಿ ಒಂದು ಪಾಲಾಗುತ್ತದೆ, 14 ಇಳಿದರೆ ಇಪ್ಪತ್ತೈದರಲ್ಲಿ ಒಂದು. ಕಣ್ಣೆದುರೇ ಅಂಕಿ ಇಳಿಯುತ್ತಿತ್ತು.

ಇಂಥ ಸೆನ್ಸರ್ ಇಯರ್‌ಬಡ್ ಹಾಗೆ ಫೋನಿನ ಜೊತೆ ಸದಾ ಮಾತಾಡುತ್ತಾ ಇರುವುದಿಲ್ಲ. ಡಂಗುರ ಸಾರುವವನ ಹಾಗೆ ಒಂದು ಕ್ಷಣ ಕೂಗಿ ಮತ್ತೆ ಮಲಗುತ್ತದೆ. 2010ರಲ್ಲಿ ಬ್ಲೂಟೂತ್ 4.0 ಜೊತೆ ಬಂದ ಕಡಿಮೆ ವಿದ್ಯುತ್ತಿನ ಬಗೆ ಇದು, ಹಾಗಾಗಿಯೇ ನಾಣ್ಯದಷ್ಟಗಲದ ಸೆಲ್ಲಿನಲ್ಲಿ ತಿಂಗಳುಗಟ್ಟಲೆ ನಡೆಯುತ್ತದೆ. ಕೂಗಲು ಮೂರು ಚಾನೆಲ್: 2402, 2426, 2480 ಮೆಗಾಹರ್ಟ್ಸ್. ವೈಫೈ ಜಾಸ್ತಿ ಬಳಸುವ ಅದರದೇ 1, 6, 11ನೇ ಚಾನೆಲ್‌ಗಳ ನಡುಭಾಗ ತಪ್ಪಿಸಿ ಆರಿಸಿದ ಜಾಗಗಳು ಇವು. ಒಂದೇ ಬೀದಿಯಲ್ಲಿದ್ದೂ ಎರಡೂ ಗುದ್ದಾಡದೆ ನಡೆಯುವುದು ನನಗೆ ಬಹಳ ಇಷ್ಟವಾಯಿತು.

ಡಂಗುರ ಯಾರಿಗೆ ಬೇಕಾದರೂ ಕೇಳಬಹುದು, ಹತ್ತಿರ ಇರಬೇಕು ಅಷ್ಟೇ. ಹಾಗಾದರೆ ಫೋನೇ ಕೇಳಬೇಕು ಅಂತೇನಿದೆ? ಇಎಸ್‌ಪಿ32 ಅನ್ನುವ, ಪ್ರೋಗ್ರಾಂ ಹಾಕಬಹುದಾದ ಒಂದು ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್ ತಂದೆ. ಅದರಲ್ಲಿ ಬ್ಲೂಟೂತ್, ವೈಫೈ ಎರಡೂ ಇವೆ. ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು (ಸ್ಟೀಲ್ ಡಬ್ಬಿ ಬೇಡವೇ ಬೇಡ, ಅಲೆ ಹೊರಗೆ ಬರುವುದಿಲ್ಲ) ಗೋಣಿತಾಟಿಗಿಂತ ಮೇಲೆ ಗವಾಕ್ಷಿಯಲ್ಲಿ ಕಟ್ಟಿದೆ. ಸೆನ್ಸರನ್ನು ಮಾತ್ರ ಹುಳುವಿನ ಎತ್ತರದಲ್ಲೇ ಉಳಿಸಿದೆ, ಓಡಾಡುವ ದಾರಿಯ ಕಡೆಗೆ ತಿರುಗಿಸಿ. ಗವಾಕ್ಷಿಯ ಗಾಳಿಯ ತೇವ ತಿಳಿದುಕೊಂಡು ನಾನೇನು ಮಾಡಲಿ? ಸೆನ್ಸರಿನ ಕೂಗು ಹತ್ತು ಅಡಿ ದಾಟಿದರೆ ಸಾಕು, ಅಲ್ಲಿಂದ ವೈಫೈ ಒಣ ಗಾಳಿಯಲ್ಲಿ ನೇರ ಮನೆಗೆ ಬರುತ್ತದೆ. ರೂಟರನ್ನು ನಡುಮನೆಯ ಕಿಟಕಿಗೆ ತಂದಿಟ್ಟೆ.

ಆದರೂ ಮೊದಲ ದಿನ ನಡುನಡುವೆ ಕಡಿಯಿತು. ಆ ಬೋರ್ಡಿನಲ್ಲಿ ಎರಡಕ್ಕೂ ಸೇರಿ ಇರುವುದು ಒಂದೇ ರೇಡಿಯೋ. ನಾನು ಬಿಡುವಿಲ್ಲದೆ ಬ್ಲೂಟೂತ್ ಕೇಳಲು ಹಚ್ಚಿದ್ದೆ, ವೈಫೈಗೆ ಸರದಿಯೇ ಸಿಗುತ್ತಿರಲಿಲ್ಲ. ನಿಮಿಷಕ್ಕೆ ಐದು ಸೆಕೆಂಡ್ ಮಾತ್ರ ಕೇಳು, ಆಮೇಲೆ ಕಳಿಸು ಅಂತ ಪ್ರೋಗ್ರಾಂ ಬದಲಿಸಿದ ಮೇಲೆ ಸರಿಹೋಯಿತು.

ಮೂರನೇ ರಾತ್ರಿ ಎರಡೂವರೆಗೆ ಫೋನ್ ಕೂಗಿತು. ತೇವ 58ಕ್ಕೆ ಇಳಿದಿತ್ತು. ಹೋಗಿ ಗೋಣಿ ನೆನೆಸಿ ಬಂದೆ, ಅರ್ಧ ಗಂಟೆಯಲ್ಲಿ 69. ಗೋಣಿ ತೊಟ್ಟಿಕ್ಕುತ್ತಿದ್ದರೂ ಅಂಕಿ ನಿಲ್ಲದೆ ಬರುತ್ತಿತ್ತು. ಹುಳು ಹಣ್ಣಾಗಿ ಚಂದ್ರಿಕೆ (ಗೂಡು ಕಟ್ಟಲು ಹುಳು ಬಿಡುವ ತಟ್ಟಿ) ಹತ್ತಿದ ಮೇಲೆ, ಗೂಡು ಕಟ್ಟುವಾಗ ಗಾಳಿ ಆಡಬೇಕು ಅಂತ ಗೋಣಿಗಳನ್ನೆಲ್ಲ ಬಿಚ್ಚಿದೆವು. ಅವತ್ತು ಸಂಜೆ ಜಗಲಿಯಲ್ಲಿ ಆಪ್ ತೆರೆದರೆ, ಸೆನ್ಸರ್ ನೇರವಾಗಿ ಮತ್ತೆ ಮೈನಸ್ 79 ತೋರಿಸುತ್ತಿತ್ತು.